ಇಮಾಮಸಾಬರ ಟೊಪ್ಪಿಗೆ

ಎತ್ತಿ ನಿಲ್ಲಿಸಿದ ಮೋಟಾರು ಗಾಡಿಯ ಕೆಳಗೆ ತಲೆ ಹಾಕುವ ಮೊದಲು ಇಮಾಮಸಾಬರು ತಮ್ಮ ಟೊಪ್ಪಿಗೆ ತೆಗೆದು ಅಲ್ಲಿಡುತ್ತಿದ್ದರು. ಗಾಡಿಗೆ ಭುಜ ಕೊಟ್ಟು ಒಮ್ಮೆ ಜೋರಾಗಿ ಅಲ್ಲಾಡಿಸಿ, ಪಕ್ಕದ ಕಲ್ಲಿನ ಮೇಲೆ ಕುಳಿತು ಒಂದು ಎಲೆ-ಅಡಿಕೆ ಪೂರ್ತಿ ಅಗಿಯುತ್ತಿದ್ದರು. ಅಷ್ಟು ಹೊತ್ತು ಟೊಪ್ಪಿಗೆಗೆ ಏನೂ ಆಗದಿದ್ದರೆ ಮಾತ್ರ ತಾವು ಒಳಗೆ ಹೋಗುವುದು. “ಮೊದಲು ಟೊಪ್ಪಿಗಿ, ಆಮ್ಯಾಲೆ ತಲಿ. ಟೊಪ್ಪಿಗಿ ಸವಣೂರಾಗ ಇನ್ನೊಂದು ಸಿಗತೈತ್ರಿ,” ಎನ್ನುತ್ತಿದ್ದರು.

ಅವರು ಸವಣೂರಿನಲ್ಲಿ ಟಾಂಗಾ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದವರು. ಚರ್ಮಕ್ಕೆ ಮೊಳೆ ಹೊಡೆದು ಪಳಗಿದ ಕೈ ಮೋಟಾರಿನ ಬ್ರೇಕಿಗೆ ಪಟ್ಟಿ ಕೂಡಿಸುವುದನ್ನೂ ಕಲಿತಿತ್ತು. ಹಾನಗಲ್ಲಿನ ನಮ್ಮ ಮನೆಗೆ ಬಂದದ್ದು ಎಂಟು ದಿನದ ಕೆಲಸಕ್ಕೆ. ನಾನು ಸೊಸೆಯಾಗಿ ಬಂದದ್ದೂ ಅದೇ ವರ್ಷ. ಆ ಮೋಟಾರಿನಲ್ಲಿ ನಾನು ಕುಳಿತದ್ದು ಮದುವೆಯಾಗಿ ಬಂದ ಆ ಒಂದು ದಿನ ಮಾತ್ರ.

ಇಮಾಮಸಾಬರು ಬರುವ ಸ್ವಲ್ಪ ಮೊದಲು ಕೆರೆ ಏರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಮಾವನವರ ಮೋಟಾರು ಹುಲ್ಲಿನ ಬಂಡಿಗೆ ಗುದ್ದಿತ್ತು. ಅಂದಿನಿಂದ ಅವರಿಗೆ ಜೀವಭಯ. ಯುದ್ಧದ ಕಾಲ, ಸಿಗುವ ಪಟ್ಟಿ ಬೇಗ ಸವೆಯುತ್ತಿತ್ತು, ಅದನ್ನು ಬದಲಿಸಬಲ್ಲವರು ಸುತ್ತಮುತ್ತ ಯಾರೂ ಇರಲಿಲ್ಲ. ಮಾವನವರು ಹುಲಗೂರಿನ ದರ್ಗಾದ ಮುಂದೆ ಇಮಾಮಸಾಬರಿಂದ ಮಾತು ತೆಗೆದುಕೊಂಡರು: ಮನೆಯವರೊಬ್ಬರಿಗೆ ಈ ಕೆಲಸ ಕಲಿಸಿ, ಅವರು ತಾವೇ ಮಾಡಿ ತೋರಿಸುವವರೆಗೆ ಬಿಟ್ಟು ಹೋಗಬಾರದು. ಒಂದು ತಿಂಗಳ ಮಾತು ಎಂದು ಇಮಾಮಸಾಬರು ಹೂಂ ಅಂದರು. ಕಲಿಯಬೇಕಾದವರು ನನ್ನ ಗಂಡ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷವಾಯಿತು.

ನನ್ನ ಗಂಡ ಒಳ್ಳೆಯವರು, ಭಜನೆಯಲ್ಲಿ ಕಂಠ ಚೆನ್ನಾಗಿತ್ತು. ಗಾಲಿಯ ನಟ್ಟು ಸಡಿಲಾಗುವ ಹೊತ್ತಿಗೆ ಅವರಿಗೆ ಚಹಾ ನೆನಪಾಗುತ್ತಿತ್ತು. ಮೋಟಾರು ನಿಲ್ಲುತ್ತಿದ್ದ ಹಿತ್ತಲಿಗೆ ನಮ್ಮ ಅಡುಗೆಮನೆಯ ಕಿಟಕಿ ತೆರೆದುಕೊಳ್ಳುತ್ತಿತ್ತು. ಪಾಠ ನಡೆದಷ್ಟು ಹೊತ್ತೂ ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. “ಜಾಕ್ ಇರೂದು ಎತ್ತಾಕ, ಹೊರಾಕ ಅಲ್ರಿ. ಹೊರಾಕ ಕೊರಡು ಇಡ್ರಿ.” “ಧೂಳಾ ಊದಬ್ಯಾಡ್ರಿ, ಎದಿಯಾಗ ಕುಂಡ್ರತೈತಿ. ಹಸಿ ಅರಿವಿಲೆ ಒರಸ್ರಿ.” ಗಂಡ ಎದ್ದು ಹೋದ ಮೇಲೂ ಅವರ ಪಾಠ ನಿಲ್ಲುತ್ತಿರಲಿಲ್ಲ, ದನಿ ಇನ್ನಷ್ಟು ಏರುತ್ತಿತ್ತು. ಯಾರಿಗೆ ಹೇಳುತ್ತಿದ್ದಾರೆಂದು ನನಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಒಮ್ಮೆ ಎರಡು ದಿನದ ಮಟ್ಟಿಗೆ ಸವಣೂರಿನ ತಮ್ಮ ಮನೆಗೆ ಹೋಗಿ ಬಂದವರು ಕಿಟಕಿಯ ಹೊರಗೆ ಬಂದು ನಿಂತರು. ಯಾಕ ಕಾಕಾ ಎಂದೆ.

“ಮಗಳು ನನ್ನ ನೋಡಿ ಒಳಗ ಓಡಿದಳ್ರಿ, ಅಕ್ಕಾರ. ಅವರವ್ವಗ, ಯಾರೋ ಬೀಗರು ಬಂದಾರ ಅಂದಳು.”

ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿಹೋಯಿತು.

ಕೊನೆಗೊಮ್ಮೆ ಗಂಡ ಮನಸ್ಸು ಮಾಡಿ, ಪಟ್ಟಿ ತಾವೇ ಹಾಕಿದರು. ಹೊಸ ಪಟ್ಟಿ ಕಿರ್ ಎಂದಿತು. ಇವರು ಬಂಡಿಯ ಕೀಲೆಣ್ಣೆ ತಂದು ಧಾರಾಳವಾಗಿ ಬಳಿದುಬಿಟ್ಟರು. ಮಾವನವರು ಕುಳಿತಿದ್ದಂತೆಯೇ ಮೋಟಾರು ಅಂಗಳ ದಾಟಿ ತಿಪ್ಪೆಗೆ ನುಗ್ಗಿತು.

“ಗಾಲಿ ಕಿರ್ ಅಂದ್ರ ಎಣ್ಣಿ ಹಚ್ಚಬೇಕು. ನಮ್ಮಜ್ಜನೂ ಹಚ್ಚತಿದ್ದ,” ಎಂದರು ಗಂಡ.

“ಬಂಡಿ ಗಾಲಿ ತಿರಗಬೇಕ್ರಿ, ಸಣ್ಣಗೌಡ್ರ. ಇದು ಹಿಡೀಬೇಕು,” ಎಂದು ಇಮಾಮಸಾಬರು ಕಲ್ಲಿನ ಮೇಲೆ ಕುಳಿತುಬಿಟ್ಟರು. ಅಂದು ಅವರು ಊಟ ಮಾಡಲಿಲ್ಲ.

ಮೋಟಾರು ಕೆಟ್ಟು ನಿಂತಿತ್ತು. ಮಾವನವರು ಗಂಡನನ್ನೂ ಕರೆದುಕೊಂಡು ಬಂಡಿ ಕಟ್ಟಿಸಿ ಬಂಕಾಪುರಕ್ಕೆ ಹೋದ ದಿನ ನಾನು ಸೆರಗು ಸಿಕ್ಕಿಸಿ ಹಿತ್ತಲಿಗೆ ಇಳಿದೆ. ಇಮಾಮಸಾಬರು ನನಗೆ ಬೆನ್ನು ಮಾಡಿ ಕುಳಿತರು. “ನಾ ಕೈ ಹಚ್ಚಿದ್ರ ಮಾತು ತಪ್ಪತೈತ್ರಿ,” ಎಂದರು. ಟೊಪ್ಪಿಗೆ ಮಾತ್ರ ತೆಗೆದು ನನ್ನ ಪಕ್ಕಕ್ಕೆ ಸರಿಸಿದರು.

ಗಾಲಿಗಳಿಗೆ ಕಲ್ಲು ಕೊಟ್ಟೆ. ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ, ಎತ್ತಿ, ಕೊರಡು ಇಟ್ಟೆ. ಟೊಪ್ಪಿಗೆ ಇಟ್ಟು ಕಾದೆ. ಗಾಲಿ ಬಿಚ್ಚಿ, ಎಣ್ಣೆ ಕುಡಿದ ಪಟ್ಟಿ ಕಿತ್ತು, ಅದು ಒತ್ತುವ ಡ್ರಮ್ಮು ಒರೆಸಿ, ಸೀಗೆಕಾಯಿಯಿಂದ ಮೂರು ಸಲ ಕೈ ತೊಳೆದು ಹೊಸದನ್ನು ಮುಟ್ಟಿದೆ. ತಾಮ್ರದ ಮೊಳೆಯ ತಲೆ ಪಟ್ಟಿಯೊಳಗೆ ಮುಳುಗಿದೆಯೇ ಎಂದು ಬೆರಳಾಡಿಸಿ ನೋಡಿದೆ. ಆ ಕಡೆಯ ಗಾಲಿಗೂ ಹಾಗೆಯೇ ಮಾಡಿದೆ. ಅಷ್ಟು ಸಂತೋಷ ನನಗೆ ಆ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

ಸಂಜೆ ಮಾವನವರು ಬಂದೊಡನೆ ಇಮಾಮಸಾಬರು ಅವರನ್ನು ಕೂರಿಸಿಕೊಂಡು ಕೆರೆ ಏರಿಗೆ ಹೋದರು. ನನಗೆ ಹೊಸಿಲು ದಾಟಿ ನೋಡುವಂತಿರಲಿಲ್ಲ. ಬಾಗಿಲ ಹಿಂದೆ ನಿಂತು ಮೋಟಾರಿನ ಸದ್ದಿಗೆ ಕಿವಿಗೊಟ್ಟಿದ್ದೆ. ಮರಳಿ ಬಂತು. ಮೆಟ್ಟಿಲ ಮುಂದೆ ಮೆತ್ತಗೆ ನಿಂತಿತು.

“ಅಂತೂ ನನ್ನ ಮಗಾ ಕಲತ,” ಎಂದರು ಮಾವನವರು.

“ಇಲ್ರಿ. ಅಕ್ಕಾರು ಕಲತಾರ್ರಿ.”

“ಹೆಣಮಗಳು?”

“ಮನಿಯವರೊಬ್ಬರು ಅಂದಿದ್ರಿ, ಗೌಡ್ರ. ಗಂಡಸರು ಅಂದಿರಲಿಲ್ರಿ.”

ಮಾವನವರು ಅಲ್ಲಿಯೇ ಅವರ ಸಂಬಳದ ಲೆಕ್ಕ ಚುಕ್ತಾ ಮಾಡಿದರು. ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು. ಮರುದಿನ ಬೆಳಿಗ್ಗೆ ಇಮಾಮಸಾಬರು ಬರಿತಲೆಯಲ್ಲಿ ಸವಣೂರಿಗೆ ಹೊರಟರು. ಟೊಪ್ಪಿಗೆ ಕಿಟಕಿಯಲ್ಲಿತ್ತು.

ಆ ವರ್ಷ ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಅಬಲೂರಿನಿಂದ ಅಣ್ಣ ಬಂದ. “ಪಂಚಮಿ ವರ್ಷಾ ಬರತೈತಿ. ಬ್ರೇಕ್ ಯಾರು ನೋಡತಾರ?” ಎಂದರು ಮಾವನವರು. ಅಣ್ಣ ಹಬ್ಬದ ಉಂಡಿ ಕೊಟ್ಟು ಒಬ್ಬನೇ ಹೋದ. ಮರುವರ್ಷವೂ ಅದೇ ಮಾತು. ಗಂಡನಿಗೆ ಕಲಿಸಲು ನಾನೂ ನೋಡಿದೆ, ಅವರಿಗೆ ಚಹಾ ನೆನಪಾಯಿತು.

ಆ ಎರಡನೆಯ ಪಂಚಮಿಗೇ ಇಮಾಮಸಾಬರು ಸವಣೂರಿನ ವೀಳ್ಯದೆಲೆಯ ಕಟ್ಟು ಹಿಡಿದು ಮಗಳೊಂದಿಗೆ ಬಂದರು. ಓಣಿಯ ಹುಡುಗಿಯರು ಜೋಕಾಲಿ ಆಡುತ್ತಿದ್ದರು. ನಾನು ಕೈಯೆಲ್ಲ ಮಸಿ ಮಾಡಿಕೊಂಡು ಮೋಟಾರಿನ ಪಕ್ಕ ಕುಳಿತಿದ್ದೆ. ಕೆಳಗೆ ಟೊಪ್ಪಿಗೆ ಇತ್ತು. ಹಬ್ಬದ ದಿನ ನಾನಿಲ್ಲಿ ಏಕಿದ್ದೇನೆ ಎಂದು ಅವರು ಕೇಳಲಿಲ್ಲ. ಮುಖ ನೋಡಿಯೇ ತಿಳಿದುಕೊಂಡರು.

“ಅಬ್ಬಾ, ಇವರು ಯಾರು?” ಎಂದು ಅಪ್ಪನನ್ನು ಕೇಳಿದಳು ಮಗಳು, ಅವರ ಕೈ ಬಿಡದೆ.

“ನಾ ಮನಿಗೆ ಬರಲಿ ಅಂತ ನನ್ನ ಜಾಗಾದಾಗ ನಿಂತಾವ್ರು, ಬೇಟಾ.”

ಅವರನ್ನು ನಾನು ನೋಡಿದ್ದು ಅದೇ ಕೊನೆ. ಕೆಲವು ವರ್ಷದ ಮೇಲೆ ಅವರು ತೀರಿಕೊಂಡರೆಂದು ಸುದ್ದಿ ಬಂತು. ಅವರನ್ನು ಮಣ್ಣು ಮಾಡುವಲ್ಲಿಗೆ ಹೋಗಲು ಮಾವನವರು ಅವಸರದಿಂದ ಮೋಟಾರು ತೆಗೆಸಿದರು. ನಾನೂ ಬರುತ್ತೇನೆ ಎಂದೆ. ಹೆಂಗಸರು ಅಲ್ಲಿಗೆಲ್ಲ ಬರಬಾರದು ಎಂದರು. ಹೊರಡುವ ಮೊದಲು ಬ್ರೇಕು ನೋಡಿಕೊಟ್ಟವಳು ನಾನೇ.