ಒಬಿಯೆರೊ ತೋಡಿದ ಗೊಬ್ಬರಗುಂಡಿ

ಅಕೆಯೊ ಎಂಬವಳ ಗಂಡ ಒಬಿಯೆರೊ ಸತ್ತು ಎಂಟು ತಿಂಗಳಾಗಿತ್ತು. ಅವಳ ಬಾಗಿಲ ಬಳಿ ಅವನು ತೋಡಿದ್ದ ಗೊಬ್ಬರಗುಂಡಿ ತುಂಬಿಯೇ ಇತ್ತು. ಸೊಪ್ಪು, ಬೂದಿ, ಆಡಿನ ಹಿಕ್ಕೆ ಹಾಕಿ ಕೊಳೆಸಿದ್ದ. "ಇದರ ಮುಂದೆ ಅಂಗಡಿ ಗೊಬ್ಬರ ಏನೂ ಅಲ್ಲ" ಎನ್ನುತ್ತಿದ್ದ. ಊರು ನಗುತ್ತಿತ್ತು.

ಈಗ ಸಂಶೋಧನಾ ಕೇಂದ್ರದ ಹುಡುಗಿ ನಸಿಮಿಯು ಬಂದು ಅಕೆಯೊಳ ಹೊಲದಲ್ಲಿ ಗಣಿಕೆ ಸೊಪ್ಪಿಗೆ ಮೂರು ಮಡಿ ಅಳೆದಳು. ಒಂದಕ್ಕೆ ಗುಂಡಿಯ ಗೊಬ್ಬರ, ಒಂದಕ್ಕೆ ಅಂಗಡಿಯದು, ಒಂದಕ್ಕೆ ಏನೂ ಇಲ್ಲ. ಕೊನೆಗೆ ತೂಕ. ಒಬಿಯೆರೊ ಸುಳ್ಳುಗಾರನಲ್ಲ ಎಂದು ತಕ್ಕಡಿಯೇ ಹೇಳಲಿ ಎಂಬುದು ಅಕೆಯೊಳ ಆಸೆ.

"ಪರೀಕ್ಷೆಯ ಹತ್ತು ಹೊಲದಲ್ಲೂ ಮಂಗಳವಾರವೇ ಬಿತ್ತನೆ." ಎಂದಳು ನಸಿಮಿಯು. "ತಪ್ಪಿದ್ರೆ ನನ್ನ ಲೆಕ್ಕದ ಪುಸ್ತಕದಿಂದ ಹೊರಗೆ ಅಮ್ಮಾ."

"ಮೊದಲು ಅಕ್ಕ ಬಿತ್ತಬೇಕು."

"ಒಂದ್ ಹಿಡಿ ಬೀಜಕ್ಕೆ ಯಾರು ಕಾಯ್ತಾರೆ?"

"ನಿಮ್ಮೂರಲ್ಲಿ ಕಾಯಲ್ವೋ ಏನೋ. ನಾವು ಕಾಯ್ತೀವಿ."

ಅಕ್ಕ ಎಂದರೆ ಹಿರಿಯ ಸವತಿ ಅಗೋಲಾ. ಅವಳು ಮೊದಲ ಕಾಳು ಹಾಕದೆ ಕಿರಿಯವಳು ಹಾಕಿದರೆ ಕಟ್ಟಳೆ ಮುರಿದವರಿಗೆ ತಗಲುವ ಚಿರಾ ಎಂಬ ಶಾಪ ಬಡಿಯುತ್ತದೆ, ಮೈ ಒಣಗಿ ಸಾಯಬೇಕಾಗುತ್ತದೆ. ಆ ವರ್ಷ ಅಗೋಲಾ ಗುದ್ದಲಿ ಮುಟ್ಟಿರಲಿಲ್ಲ.

ಸೋಮವಾರ ಅಕೆಯೊ ಅವಳ ಬಾಗಿಲಿಗೆ ಹೋದಳು.

"ಅಕ್ಕಾ, ನಾಳೆ ಒಂದು ಹಿಡಿ ಬಿತ್ತು."

"ಕಾಲು ಊದಿದೆ. ಕಣ್ಣು ಕಾಣಲ್ವಾ?"

"ನಾನೇ ಹೊತ್ಕೊಂಡು ಹೋಗ್ತೀನಿ."

"ನೀನಾ? ಕೊಕ್ಕರೆ ಕಾಲಿನಂಥ ಕೈ ಇಟ್ಕೊಂಡು!" ಅಗೋಲಾ ನಗಲಿಲ್ಲ. "ಅವನು ನಿನ್ನ ಬಾಗಿಲಲ್ಲೇ ಗುಂಡಿ ತೋಡಿದ. ನನಗೆ ಒಂದು ಬುಟ್ಟಿ ಕೊಟ್ನಾ? ಅರ್ಧ ಇಲ್ಲಿಗೆ ಬರ್ಲಿ. ಆಮೇಲೆ ಬಿತ್ತೀನಿ."

ಗುಂಡಿಯಲ್ಲಿದ್ದದ್ದು ಒಂದು ಮಡಿಗೆ ಸಾಲುವಷ್ಟೇ. ಅರ್ಧ ಕೊಟ್ಟರೆ ಒಬಿಯೆರೊನ ಮಾತು ಸೋಲುತ್ತದೆ. ಕೊಡದಿದ್ದರೆ ಬಿತ್ತನೆಯೇ ಇಲ್ಲ, ಮಾತು ತಕ್ಕಡಿಗೇ ಹೋಗುವುದಿಲ್ಲ. ಅಗೋಲಾಳೂ ಅವನ ಹೆಂಡತಿಯೇ, ಕೇಳಿದ್ದು ಅನ್ಯಾಯವಲ್ಲ. ಅಕೆಯೊ ಆರು ಬುಟ್ಟಿ ಗೊಬ್ಬರ ಅವಳ ಹಿತ್ತಲಿಗೆ ಹೊತ್ತು ಹಾಕಿದಳು.

ಮಂಗಳವಾರ ಬೆಳಿಗ್ಗೆ ಅಗೋಲಾ ಕೋಲೂರಿಕೊಂಡು ಬಂದು ಅರ್ಧ ಮಡಿಯಷ್ಟೇ ಇದ್ದ ತನ್ನ ಅಂಗೈಯಗಲದ ಹಿತ್ತಲಲ್ಲಿ ಗಣಿಕೆ ಬೀಜ ಚೆಲ್ಲಿದಳು. "ಹೋಗು, ಇನ್ನು ನಿಂದು."

ಅಕೆಯೊ ಬಿತ್ತಿ ಮುಗಿಸಿ ನಸಿಮಿಯುಗೆ ಅಂದಳು, "ಗುಂಡಿ ಗೊಬ್ಬರ ಅರ್ಧವೇ ಹಾಕಿದ್ದು. ಹಾಗೇ ಬರ್ಕೊ."

ನಸಿಮಿಯು ಮುಖ ಸಿಂಡರಿಸಿದಳು. ಬರೆದುಕೊಂಡಳು.

ಆರು ವಾರಕ್ಕೆ ಸೊಪ್ಪು ಕೊಯ್ದು ತೂಗಿದರು. ಅಂಗಡಿ ಗೊಬ್ಬರದ ಮಡಿಯೇ ಗೆದ್ದಿತು. ಗುಂಡಿ ಗೊಬ್ಬರದ್ದು ಎರಡು ಕಿಲೊ ಹಿಂದೆ.

"ಎಲ್ಲೋಯ್ತು ನಿನ್ನ ಗಂಡನ ಜಂಬ?" ಎಂದ ಪಕ್ಕದ ಮನೆಯವನು.

ಅಷ್ಟರಲ್ಲಿ ಅಗೋಲಾ ತನ್ನ ಹಿತ್ತಲ ಸೊಪ್ಪನ್ನು ದೊಡ್ಡ ಹೊರೆ ಕಟ್ಟಿ ತಂದು ತಕ್ಕಡಿಗೆ ಹಾಕಿದಳು.

"ಇದನ್ನೂ ತೂಗು."

"ನಿಮ್ಮ ಹಿತ್ತಲು ಪುಸ್ತಕದಲ್ಲಿಲ್ಲ ಅಜ್ಜಿ."

"ತೂಗಿದ್ರೆ ನಿನ್ನ ತಕ್ಕಡಿ ಸವೆದು ಹೋಗುತ್ತಾ?"

ತೂಗಿದಳು. ಗೆದ್ದ ಮಡಿಗಿಂತ ಮೂರು ಕಿಲೊ ಹೆಚ್ಚು. ನಸಿಮಿಯು ಮತ್ತೊಮ್ಮೆ ತೂಗಿದಳು. ಬರೆದುಕೊಳ್ಳುವಂತಿರಲಿಲ್ಲ, ಬರೆದುಕೊಳ್ಳಲೂ ಇಲ್ಲ.

"ಮುಂದಿನ ಮಳೆಗೂ ಬರ್ತೀನಿ ಅಮ್ಮಾ" ಎಂದಳು ಅಕೆಯೊಗೆ. " ಎರಡು ಮಡಿಗೆ ಸಾಲೋಷ್ಟು ಗೊಬ್ಬರ ಇರ್ಲಿ."

"ಮುದುಕ ಸುಳ್ಳು ಹೇಳೋನಲ್ಲ ಕಣೇ" ಎಂದು ಅಗೋಲಾ ಹೊರೆಯಲ್ಲಿ ಅರ್ಧ ಬಿಚ್ಚಿ ಅಕೆಯೊಳ ಬುಟ್ಟಿಗೆ ಹಾಕಿದಳು.

ಮಾರನೆಯ ದಿನ ಅಕೆಯೊ ಅಗೋಲಾಳ ಬಾಗಿಲಲ್ಲಿ ಹೊಸ ಗುಂಡಿ ತೋಡತೊಡಗಿದಳು.