ಹೊಸ ಇಂಜಿನ್ನಿಗೆ ಹಳೆಯ ಕೊಳೆ

ಮೊನ್ನೆ ಎದುರುಮನೆಯವರು ಬಾಗಿಲಿಗೆ ಬಣ್ಣ ಹೊಡೆಸಿದರು. ಅಗಸೆ ಎಣ್ಣೆಯ ವಾಸನೆ ಬೀದಿ ದಾಟಿ ನಮ್ಮ ಜಗಲಿಗೆ ಬಂತು. ಬೇರೆಯವರಾದರೆ ಬಾಗಿಲು ಚೆನ್ನಾಗಿ ಕಾಣುತ್ತದೆ ಎನ್ನುತ್ತಿದ್ದರೇನೋ. ನನಗೆ ಮೊದಲು ಹೊಳೆದದ್ದು, ಮರಕ್ಕೆ ಹುಳ ಹಿಡಿದಿರಬೇಕು, ಯಾರಿಗೂ ಕಾಣದಿರಲಿ ಎಂದು ಮುಚ್ಚುತ್ತಿದ್ದಾರೆ ಅಂತ. ಬಣ್ಣ ಹೊಡೆಯುವವನ ಜೊತೆ ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ನಾನು. ಬಣ್ಣದ ಅಡಿಯಲ್ಲಿ ಏನಿದೆ ಎಂದು ಕೇಳುವುದು ನನಗೆ ಚಟವಾಗಿ ಹೋಗಿದೆ. ಆ ಚಟದಿಂದ ಒಂದು ಸಲ ಏನಾಯಿತು ಎಂದು ಹೇಳುತ್ತೇನೆ, ಪುರುಸೊತ್ತಿದ್ದರೆ ಕೂತು ಕೇಳಿ. ನನ್ನ ಅಕ್ಷರ ಇರುವೆಗಿಂತ ನಿಧಾನ. ಅವಸರವಿದ್ದವರು ಎದ್ದು ಹೋದರೂ ಬೇಜಾರಿಲ್ಲ.

ನಮ್ಮ ಯಜಮಾನನನ್ನು ‘ಅವರು’ ಎಂದು ಬರೆಯಬೇಕಂತೆ, ಹಾಗೆಂದು ಮೊಮ್ಮಗಳು ಹೇಳಿದಳು. ಅವರು ಎಂದು ಬರೆದರೆ ಬೇರೆ ಯಾರದೋ ಗಂಡನ ಮಾತು ಆಡಿದ ಹಾಗಾಗುತ್ತದೆ. ಅವನು ಎಂದೇ ಬರೆಯುತ್ತೇನೆ. ಮದುವೆಗೆ ಮೊದಲು ಅವನು ಅರಸೀಕೆರೆಯ ರೈಲು ಷೆಡ್ಡಿನಲ್ಲಿ ಇಂಜಿನ್ ಒರೆಸುವ ಕೆಲಸದಲ್ಲಿದ್ದ. ಕಾಲ ಮೇಲೆ ಕೆಂಡ ಬಿದ್ದು ಎರಡು ಬೆರಳು ಹೋದ ಮೇಲೆ ಮಧುಗಿರಿಗೆ ಬಂದು, ಜಟಕಾ ಗಾಡಿಗಳಿಗೆ ಬಣ್ಣ ಹೊಡೆದುಕೊಂಡು ಇದ್ದ. ನಮ್ಮೂರಿಗೆ ರೈಲೇ ಇಲ್ಲ. ನೋಡಬೇಕೆಂದರೆ ತುಮಕೂರಿಗೆ ಹೋಗಬೇಕು. ಊರಲ್ಲಿ ಇಲ್ಲದ್ದಕ್ಕೋ ಏನೋ, ಮನೆಯಲ್ಲಿ ಅದರ ಮಾತು ಮುಗಿಯುತ್ತಲೇ ಇರಲಿಲ್ಲ. ಇಂಜಿನ್ನಿನ ಹೊಟ್ಟೆ ಹೀಗೆ, ಬೆನ್ನು ಹಾಗೆ ಎಂದು ಉಣ್ಣುವಾಗಲೂ ಹೇಳುತ್ತಿದ್ದ. ಅಷ್ಟು ಅಕ್ಕರೆಯಿಂದ ಹೇಳುವವನಿಗೆ ಅರಸೀಕೆರೆಯಲ್ಲಿ ಇನ್ನೊಂದು ಸಂಸಾರ ಇದ್ದಿರಬೇಕು ಎಂದು ಹೊಸದರಲ್ಲಿ ನಾನು ಎರಡು ವರ್ಷ ಸಂಶಯಪಟ್ಟೆ. ಇರಲಿಲ್ಲ. ಇರಲಿಲ್ಲವೆಂದು ಗೊತ್ತಾದ ಮೇಲೂ ಆರು ತಿಂಗಳು ಪಟ್ಟೆ.

ಯುದ್ಧದ ಕಾಲ. ಸೀಮೆಎಣ್ಣೆಗೆ ಚೀಟಿ, ಬಟ್ಟೆಗೆ ಚೀಟಿ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತ ಓಡುತ್ತಿದ್ದವು. ಶಿರಾದಲ್ಲಿ ಒಬ್ಬ ಕಡಲೆಕಾಯಿ ಸಾಹುಕಾರರಿದ್ದರು. ಅವರ ಮೂಟೆಗಳೆಲ್ಲ ತುಮಕೂರಿನಿಂದ ರೈಲಿನಲ್ಲಿ ಹೋಗುತ್ತಿದ್ದವು. ಬೆಂಗಳೂರಿನಲ್ಲಿ ಯಾರೋ ಬಿಳೀ ದೊರೆ ಮನೆ ಖಾಲಿ ಮಾಡಿಕೊಂಡು ಸೀಮೆಗೆ ಹೊರಟಾಗ ಅವನ ಸಾಮಾನಿನ ಹರಾಜಿನಲ್ಲಿ ಇವರು ಒಂದು ಸಣ್ಣ ಇಂಜಿನ್ ತಂದಿದ್ದರು. ಒಂದು ಮೊಳ ಉದ್ದ, ಮೈಯೆಲ್ಲ ಹಿತ್ತಾಳೆ, ಮೇಲೆ ಗಿಳಿಹಸಿರು ಬಣ್ಣ, ಅಂಚಿಗೆ ಚಿನ್ನದ ಗೆರೆ. ಕೀಲಿ ಗೀಲಿ ಏನೂ ಇಲ್ಲ, ಕೈಯಲ್ಲಿ ತಳ್ಳಿದರೆ ಉರುಳುತ್ತಿತ್ತು, ಅಷ್ಟೆ. ಸಾಹುಕಾರರಿಗೆ ಆ ಹಸಿರು ಹಿಡಿಸಲಿಲ್ಲ. ತುಮಕೂರಿನ ಇಂಜಿನ್ ಕಪ್ಪಗಿದೆ, ಇದೂ ಹಾಗೇ ಆಗಬೇಕು. ಇವನು ಷೆಡ್ಡಿನಲ್ಲಿದ್ದವನು ಎಂದು ಯಾರೋ ಹೇಳಿದ್ದರಿಂದ ಗಾಡಿ ಕಟ್ಟಿಸಿಕೊಂಡು ನಮ್ಮ ಮನೆಗೇ ಬಂದರು.

“ನೋಡಯ್ಯಾ, ನನ್ನ ಮೂಟೆ ಎಳ್ಕಂಡೋಗೋ ಇಂಜಿನ್ ಹೆಂಗೈತೋ, ಥೇಟ್ ಅಂಗೇ ಆಗ್ಬೇಕು” ಎಂದರು. ಇವನು ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡ ರೀತಿ ನೋಡಿ, ನನ್ನ ಮಕ್ಕಳನ್ನು ಇವನು ಯಾವತ್ತೂ ಹೀಗೆ ಎತ್ತಿಕೊಂಡಿಲ್ಲವಲ್ಲ ಎಂದುಕೊಂಡೆ.

ಒಂದು ದಿನದಲ್ಲಿ ಕಪ್ಪು ಬಳಿದು ಕೊಡುವ ಕೆಲಸ ಎಂದು ನಾನು ತಿಳಿದಿದ್ದೆ. ಕಪ್ಪು ಬಳಿದದ್ದು ಮೊದಲನೇ ದಿನವೇ. ಆಮೇಲೆ ಶುರುವಾಯಿತು ಇವನ ಹುಚ್ಚು. ಇಂಜಿನ್ನಿನ ಕೊಳೆ ಎಂದರೆ ಒಂದೇ ಕೊಳೆಯಲ್ಲವಂತೆ. ಹೊಗೆ ಕೊಳವೆಯ ಸುತ್ತ ಕೂರುವುದು ಒಣ ಮಸಿ, ಚಕ್ರದ ನಡುವೆ ಕೂರುವುದು ಎಣ್ಣೆ ಹೀರಿದ ದೂಳು. ಬೆಂಕಿ ಗೂಡಿನ ಹತ್ತಿರ ಬಣ್ಣ ಕಾದು ಕಂದಾಗಿರುತ್ತದೆ. ನೀರು ಸೋರುವ ಕಡೆ ಉಪ್ಪುನೀರಿನ ಬಿಳೀ ಗೀರು ಇಳಿದಿರುತ್ತದೆ. ಡ್ರೈವರು ಹಿಡಿದು ಹತ್ತುವ ಕಂಬಿ ಮಾತ್ರ ಕೈಯಾಡಿ ಆಡಿ ಹೊಳೆಯುತ್ತಿರುತ್ತದೆ. ಇದಕ್ಕೆಲ್ಲ ಸಾಮಾನು ಎಲ್ಲಿಂದ ಬರಬೇಕು? ನನ್ನ ಅಡುಗೆಮನೆಯಿಂದ. ಪಾತ್ರೆಯ ತಳದ ಮಸಿ ಕೆರೆದುಕೊಂಡ, ಎಲೆಅಡಿಕೆ ಡಬ್ಬಿಯ ಸುಣ್ಣ ತೆಗೆದುಕೊಂಡ, ಜಗಲಿಗೆ ಬಳಿಯಲು ಇಟ್ಟಿದ್ದ ಕೆಮ್ಮಣ್ಣು ತೆಗೆದುಕೊಂಡ. ಇರುವ ಕೊಳೆ ತೊಳೆಯುವುದರಲ್ಲೇ ನನ್ನ ಕೈ ಸವೆದಿತ್ತು. ಇಲ್ಲದ ಕೊಳೆಯನ್ನು ಮೂರು ಕೂದಲಿನ ಕುಂಚ ಹಿಡಿದು ಕೂರಿಸುವ ಗಂಡಸನ್ನು ನೋಡಿ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೈದೆ. ಅದು ಅಭ್ಯಾಸವಿತ್ತು. ಪಾತ್ರೆ ತಿಕ್ಕುವ ಕೆಲಸ ಅರ್ಧ ಕಡಿಮೆಯಾಯಿತು ಎಂಬುದನ್ನು ಮಾತ್ರ ಅವನಿಗೆ ಹೇಳಲಿಲ್ಲ.

ಆ ದಿನಗಳಲ್ಲೇ ಪಾವಗಡದ ಕಡೆಯ ಒಬ್ಬ ಪಾತ್ರೆ ವ್ಯಾಪಾರಿ ಬಂದ. ಹಳೇ ಹಿತ್ತಾಳೆ ಕೊಂಡು ಹೊಸ ತಪ್ಪಲೆ ಕೊಡುವವನು. ಅರ್ಧ ತೆಲುಗು, ಅರ್ಧ ಕನ್ನಡ. ಯಜಮಾನ ಮನೆಯಲ್ಲಿರಲಿಲ್ಲ, ಇಂಜಿನ್ ಜಗಲಿಯ ಮೇಲೆ ಒಣಗುತ್ತಿತ್ತು. ಆತ ಅದನ್ನು ಕೈಯಲ್ಲಿ ತೂಗಿ ನೋಡಿ, “ಇದು ಇತ್ತಡಿ ಕಣಮ್ಮಾ, ತಗಡಲ್ಲ. ಮೀ ಆಯನ್ನ ಅಡುಗು, ಅಮ್ಮೋದಾದ್ರೆ ನನಗೇ ಸೆಪ್ಪು ಅನ್ನು” ಎಂದ. ಹಿತ್ತಾಳೆ, ನಿನ್ನ ಗಂಡನನ್ನು ಕೇಳು, ಮಾರುವುದಾದರೆ ನನಗೇ ಹೇಳಲಿ ಎಂದು ಅದರ ಅರ್ಥ. ಯುದ್ಧದಲ್ಲಿ ಹಿತ್ತಾಳೆ ಕಣ್ಣಿಗೇ ಬೀಳುತ್ತಿರಲಿಲ್ಲ. ಸಂಜೆ ಇವನಿಗೆ ಹೇಳಿದೆ. ಇವನು ಬೈಯಲಿಲ್ಲ, ನಗಲಿಲ್ಲ, “ಊಂ” ಎಂದ, ಅಷ್ಟೆ. ಆ ಊಂ ನನ್ನ ತಲೆಯೊಳಗೆ ಕೂತುಬಿಟ್ಟಿತು.

ಮಾರನೇ ಬೆಳಿಗ್ಗೆ ಇಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ತುಮಕೂರಿಗೆ ಹೊರಟ. ನಿಜವಾದ ಇಂಜಿನ್ ಪಕ್ಕದಲ್ಲಿಟ್ಟು ತಾಳೆ ನೋಡಬೇಕಂತೆ. ಸಂಜೆಗೆ ಬರುತ್ತೇನೆ ಎಂದವನು ಬಂದದ್ದು ಮೂರನೇ ದಿನ. ಕೊರಟಗೆರೆಯಲ್ಲಿ ಬಸ್ಸು ಕೆಟ್ಟಿತು, ಚತ್ರದಲ್ಲಿ ಮಲಗಿದ್ದೆ ಎಂದ. ಬಸ್ಸು ಕೆಡುವುದು ಆಗ ದಿನದ ಮಾತು, ಸುಳ್ಳೆನ್ನುವ ಹಾಗಿಲ್ಲ. ಅದಕ್ಕೇ ನನಗೆ ಸಂಶಯ. ಸುಳ್ಳು ಹೇಳುವವನು ನಂಬುವಂಥದ್ದನ್ನೇ ಹೇಳುತ್ತಾನೆ ತಾನೆ? ಅವನು ಸ್ನಾನಕ್ಕೆ ಹೋದಾಗ ಚೀಲ ಬಿಚ್ಚಿದೆ. ಒಂದು ಸಾಸಿವೆಯಷ್ಟೂ ಹಸಿರು ಕಾಣಲಿಲ್ಲ. ಹತ್ತು ವರ್ಷ ಕಲ್ಲಿದ್ದಲು ತಿಂದು ಓಡಿದ ಮುದಿ ಇಂಜಿನ್ನೇ ಕುಗ್ಗಿ ಚೀಲದಲ್ಲಿ ಕೂತ ಹಾಗಿತ್ತು. ಎತ್ತಿದೆ. ಹಗುರ ಅನ್ನಿಸಿತು. ಹೋಗುವಾಗ ಭಾರವಿತ್ತು, ಈಗ ಹಗುರವಿದೆ. ಇನ್ನೊಂದು ಸಲ ಎತ್ತಿದೆ, ಇನ್ನೂ ಹಗುರ. ತುಮಕೂರಿನಲ್ಲಿ ತಗಡಿನವರ ಅಂಗಡಿಗಳು ಎಷ್ಟಿಲ್ಲ! ಒಂದು ತಗಡಿನ ಇಂಜಿನ್ ಮಾಡಿಸಿ, ಮಸಿ ಬಳಿದು, ಹಿತ್ತಾಳೆಯದನ್ನು ಪಾವಗಡದವನಿಗೆ ದಾಟಿಸಿದರೆ ಯಾರಿಗೆ ತಿಳಿಯುತ್ತದೆ?

ಕೇಳಬೇಕಿತ್ತು. ಕೇಳಲಿಲ್ಲ. ಬದಲಿಗೆ, ಶಿರಾ ಹತ್ತಿರದ ತೌರೂರಿಗೆ ಹೋಗಿ ಬಹಳ ದಿನವಾಯಿತು ಎಂದು ನೆಪ ಹೇಳಿ ಅವನ ಜೊತೆ ಹೊರಟೆ. ಕೈಯಿಂದ ಕೈಗೆ ಕೊಡುವಾಗ ಅವನ ಮುಖ ಹೇಗಿರುತ್ತದೆ ಎಂದು ನೋಡಬೇಕಿತ್ತು.

ಸಾಹುಕಾರರು ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಇವನು ಬಟ್ಟೆ ಬಿಚ್ಚಿ ಇಂಜಿನ್ನನ್ನು ಮಣೆಯ ಮೇಲಿಟ್ಟ. ಸಾಹುಕಾರರು ಬಗ್ಗಿ ನೋಡಿದರು, ಆಮೇಲೆ ಇವನ ಚೀಲದ ಕಡೆ ನೋಡಿದರು.

“ನಂದೆಲ್ಲಯ್ಯಾ?”

“ಇದೇ ಸ್ವಾಮಿ.”

ಸಾಹುಕಾರರು ಇಂಜಿನ್ನನ್ನು ಹತ್ತಿರದಿಂದ ನೋಡಿದ್ದು ಆಯುಧಪೂಜೆಯ ದಿನ ಮಾತ್ರವಂತೆ. ತೊಳೆದು, ಎಣ್ಣೆ ಸವರಿ, ಬಾಳೆಕಂದು ಕಟ್ಟಿ, ಹೂವು ಹಾಕಿದ್ದ ಇಂಜಿನ್. ಮಿಕ್ಕ ದಿನ ಅವರಿಗೆ ಕಂಡದ್ದು ಅವರ ಮೂಟೆಗಳು. ಇವನು ಕಂಡಿದ್ದು ಮಿಕ್ಕ ದಿನಗಳ ಇಂಜಿನ್. ಥೇಟ್ ಎಂದರೆ ಇಬ್ಬರ ಕಣ್ಣ ಮುಂದೆಯೂ ಬೇರೆ ಬೇರೆ ನಿಂತಿತ್ತು. ಹೊಸ ಸೀಮೆ ಸಾಮಾನು ಕೊಟ್ಟರೆ ಗುಜರಿ ತಂದು ಇಟ್ಟಿದ್ದಾನೆ ಎಂದು ಅವರು ಕೂಗಾಡಿದರು. ಇವನು ಕೂಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಇದು ತುಕ್ಕಲ್ಲ ಸ್ವಾಮಿ, ಕೆಮ್ಮಣ್ಣು, ಇದು ಸುಣ್ಣ, ಇದು ನಮ್ಮ ಪಾತ್ರೆಯ ಮಸಿ ಎಂದು ಒಂದೊಂದನ್ನೂ ಬೆರಳಿಟ್ಟು ತೋರಿಸಿದ. ಕೊನೆಗೆ ಬುಡ ಮೇಲು ಮಾಡಿ, ಹೊಟ್ಟೆಯ ಅಡಿಯಲ್ಲಿದ್ದ ಸೀಮೆ ಮುದ್ರೆ ತೋರಿಸಿದ. ಅದೇ ತಪ್ಪಾಯಿತು.

“ಇಲ್ದಿರೋ ತುಕ್ಕ ಬರೆಯೋನಿಗೆ ಇಲ್ದಿರೋ ಮುದ್ರೆ ಬರೆಯಾದು ಏನ್ ಮಹಾ ಕಷ್ಟವಯ್ಯಾ?” ಎಂದರು ಸಾಹುಕಾರರು. “ಅಡೀಗೆ ತಗಡೈತೆ, ಮ್ಯಾಲೆ ನಿನ್ನ ಬಣ್ಣ ಐತೆ. ಸಂಜೆ ಒಳ್ಗೆ ನಂದು ತರ್ದಿದ್ರೆ ಪೋಲೀಸ್ನೋರ್ಗೆ ಹೇಳ್ಕಳಿಸ್ತೀನಿ.”

ನಾನು ಮೂರು ದಿನದಿಂದ ಮನಸ್ಸಿನೊಳಗೆ ಅಂದುಕೊಂಡದ್ದನ್ನು ಈ ಮನುಷ್ಯ ಬಾಯಿ ಬಿಟ್ಟು ಹೇಳುತ್ತಿದ್ದ. ಪೋಲೀಸು ಎಂದ ಮೇಲೆ ಊರಿಗೆಲ್ಲ ಸುದ್ದಿ. ಆಮೇಲೆ ಯಾವ ಜಟಕಾದವನು ಇವನ ಕೈಗೆ ಗಾಡಿ ಕೊಡುತ್ತಾನೆ? ಒಂದು ಕಡೆ ಕೆರೆದು ತೋರಿಸಿದರೆ ಎಲ್ಲ ಮುಗಿಯುತ್ತಿತ್ತು. ಸಾಹುಕಾರರೂ ಅದನ್ನೇ ಕೇಳಿದರು. ಇವನು ಕೆರೆಯಾದಿಲ್ಲ ಎಂದ. ಒಂದು ಕಡೆ ಕೆರೆದರೆ ಅದು ಇಂಜಿನ್ ಆಗಿ ಉಳಿಯುವುದಿಲ್ಲ, ನಂಬುವುದಾದರೆ ನಂಬಿ, ಇಲ್ಲವಾದರೆ ಪೋಲೀಸಿಗೇ ಕೊಡಿ ಎಂದು ಕೈ ಕಟ್ಟಿ ನಿಂತ. ಸಾಹುಕಾರರ ಮುಖ ಕೆಂಪಾಯಿತು. ಯಾಕೆ ಕೆರೆಯಲು ಬಿಡುತ್ತಿಲ್ಲ ಇವನು? ಅಡಿಯಲ್ಲಿ ಹಸಿರಿದ್ದರೆ ತಾನೆ ಬಿಡುವುದು?

ಗೋಡೆಯ ಗೂಡಿನಲ್ಲಿ ಸೀಮೆಎಣ್ಣೆ ಬುಡ್ಡಿ ಇತ್ತು. ಎದ್ದು ಹೋಗಿ ಬತ್ತಿ ಕಿತ್ತು, ಸೆರಗಿನ ತುದಿಗೆ ಎಣ್ಣೆ ಸುರಿದುಕೊಂಡೆ. ಎಂಥ ಚೀಟಿಯ ಕಾಲದಲ್ಲಿ ಎಂಥ ಎಣ್ಣೆ! ಬೇರೆಯವರ ಮನೆಯದು ಎಂದು ಸುರಿದೆನೋ ಏನೋ. ಬಂದು ಇಂಜಿನ್ನಿನ ಮುಂದೆ ಕೂತೆ.

“ಬ್ಯಾಡ ಕಣೇ” ಎಂದ ಇವನು. ಒಂದೇ ಸಲ, ಮೆತ್ತಗೆ.

ಉಜ್ಜಿದೆ. ಮೊದಲು ಸುಣ್ಣದ ಗೀರು ಹೋಯಿತು. ಆಮೇಲೆ ಕೆಮ್ಮಣ್ಣು ಸೆರಗಿಗೆ ಬಂತು. ಆಮೇಲೆ ಬರೀ ಕಪ್ಪು. ಕಪ್ಪು ಮುಗಿಯುತ್ತಲೇ ಇಲ್ಲ. ಇನ್ನೂ ಜೋರಾಗಿ ಉಜ್ಜಿದೆ. ಆಗ ಕಪ್ಪಿನೊಳಗಿಂದ ಗಿಳಿಹಸಿರು ಇಣುಕಿತು, ಬೆರಳಗಲ, ಅಂಗೈಯಗಲ, ಅದರ ಅಂಚಿಗೆ ಚಿನ್ನದ ಗೆರೆ. ನನ್ನ ಬಾಯಿಂದ ಒಂದು ದೊಡ್ಡ ಉಸಿರು ಹೊರಬಿತ್ತು. ಪಡಸಾಲೆಗೆಲ್ಲ ಕೇಳಿಸಿತು.

ಸಾಹುಕಾರರು ಕನ್ನಡಕ ಹಾಕಿಕೊಂಡು ಆ ಹಸಿರನ್ನೂ ಸುತ್ತಲಿನ ಕೊಳೆಯನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. ಕಳ್ಳ ಎಂದ ಬಾಯಲ್ಲೇ ಕಾಫಿ ತರಲು ಹೇಳಿದರು. ಇವನು ಕುಂಚದ ಡಬ್ಬಿ ತೆಗೆದು, ಒಂದು ಗಳಿಗೆ ಕೊಟ್ಟರೆ ಉಜ್ಜಿದ ಕಡೆ ಮುಚ್ಚಿಕೊಡುತ್ತೇನೆ ಎಂದ. ಸಾಹುಕಾರರು ಒಪ್ಪಲಿಲ್ಲ. ಅದು ಹಾಗೇ ಇರಬೇಕಂತೆ. ಬಂದವರಿಗೆಲ್ಲ ತೋರಿಸಬೇಕಂತೆ, ಅಡಿಯಲ್ಲಿ ಹೀಗಿದೆ, ಮೇಲೆ ಹೀಗೆ ಮಾಡಿಸಿದ್ದೇನೆ ಅಂತ. ಇವನು ಇನ್ನೂ ಎರಡು ಸಲ ಕೇಳಿದ. ಪೋಲೀಸು ಎಂದಾಗ ಕೈ ಕಟ್ಟಿ ನಿಂತಿದ್ದವನು ಈಗ ಕೈ ಮುಗಿದು ಕೇಳಿದ. ಅವರು ಇಂಜಿನ್ನನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ವಾಪಸು ಬಸ್ಸು ಹತ್ತಿದೆವು. ಮಾನ ಉಳಿಸಿದವಳು ನಾನು, ಒಂದು ಒಳ್ಳೆಯ ಮಾತಾದರೂ ಬರಬಾರದೇ ಎಂದು ನನಗೂ ಸಿಟ್ಟು. ಬಡವನಹಳ್ಳಿ ದಾಟಿದ ಮೇಲೆ ಅವನು ನನ್ನ ಸೆರಗಿನ ಮಸಿ ನೋಡುತ್ತ ಕೇಳಿದ:

“ಸಾವ್ಕಾರ್‌ಗೆ ತೋರ್ಸಾಕೆ ಉಜ್ಜಿದ್ಯಾ, ನೀನು ನೋಡಾಕೆ ಉಜ್ಜಿದ್ಯಾ?”

“ಎಲ್ಡಕ್ಕೂ” ಎಂದೆ. ಸುಳ್ಳು ಹೇಳಬಹುದಿತ್ತು. ಆ ಉಸಿರು ಬಿಟ್ಟ ಮೇಲೆ ಹೇಳಿ ಏನು ಪ್ರಯೋಜನ?

ಅವನು ಜಗಳವಾಡಲಿಲ್ಲ, ಮುನಿಸಿಕೊಂಡು ಊಟ ಬಿಡಲಿಲ್ಲ. ಮಾರನೇ ದಿನದಿಂದ ಒಂದು ಹೊಸ ಅಭ್ಯಾಸ ಮಾಡಿಕೊಂಡ. ಎಲ್ಲಿಂದಲೇ ಬರಲಿ, ಬಾಗಿಲಲ್ಲೇ ಕೂತು ಚೀಲವನ್ನು ನನ್ನ ಮುಂದೆ ಬೋರಲು ಹಾಕಿ ಕೊಡವುತ್ತಿದ್ದ. ಕುಂಚ, ಚಿಂದಿ, ಬೀಡಿ ಕಟ್ಟು, ಎಲ್ಲ ನೆಲಕ್ಕೆ ಬೀಳುತ್ತಿದ್ದವು. ಮತ್ತೆ ತುಂಬಿಕೊಂಡು ಒಳಗೆ ಹೋಗುತ್ತಿದ್ದ. ಮೊದಮೊದಲು ನನಗೆ ಅದು ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ನಾನಾಗಿ ಹುಡುಕುವ ಕಷ್ಟ ತಪ್ಪಿತು. ಆಮೇಲೆ ಆಮೇಲೆ, ಅವನು ಬರುವ ಹೊತ್ತಿಗೆ ಒಳಗೇ ಏನಾದರೂ ಕೆಲಸ ಹಚ್ಚಿಕೊಳ್ಳಲು ಶುರು ಮಾಡಿದೆ. ಅವನು ನಾನು ಹೊರಗೆ ಬರುವವರೆಗೂ ಬಾಗಿಲಲ್ಲಿ ಕಾಯುತ್ತಿದ್ದ. ರಾಜರು ಹೋದರು, ನಮ್ಮದೇ ಸರ್ಕಾರ ಬಂತು, ಮಕ್ಕಳ ಮದುವೆಗಳಾದವು, ಚೀಲ ಕೊಡವುವುದು ನಿಲ್ಲಲಿಲ್ಲ. ಕೊನೆಯ ಸಲ ತುಮಕೂರಿನ ಆಸ್ಪತ್ರೆಯಿಂದ ಬಂದಾಗ ಅವನಿಗೆ ಬಗ್ಗಲೂ ಆಗುತ್ತಿರಲಿಲ್ಲ. ಚೀಲವನ್ನು ನನ್ನ ಕೈಗೇ ಕೊಟ್ಟ.

“ಬುಡು, ಏನೂ ನೋಡಾದಿಲ್ಲ” ಎಂದೆ.

“ನೋಡ್ಕೋ. ನಂಗೆ ಅಭ್ಯಾಸ ಆಗೋಗೈತೆ” ಎಂದ.

ನೋಡಿದೆ. ಮಾತ್ರೆ ಮತ್ತು ಒಂದು ಟವೆಲ್ ಇತ್ತು.

ಈಗ ಮನೆಯ ಯಜಮಾನಿಕೆ ಸೊಸೆಯದು. ಅವಳು ಪೇಟೆಯಿಂದ ಬಂದು ಸಾಮಾನು ಬಿಚ್ಚುವಾಗ ನಾನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತೇನೆ. ಅತ್ತೆಗೆ ಮನೆಯ ಮೇಲೆ ಗಮನವೇ ಇಲ್ಲ, ತಂದದ್ದು ಏನು ಎಷ್ಟು ಎಂದು ಒಂದು ಮಾತು ಕೇಳುವುದಿಲ್ಲ ಎಂದು ಅವಳು ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡಿದ್ದಾಳೆ. ಸಂಶಯ ಹೋಗಿದೆ ಎಂದೇನಲ್ಲ. ಸಕ್ಕರೆ ಪೊಟ್ಟಣ ನೆಲಕ್ಕೆ ಇಟ್ಟ ಸದ್ದಿನಲ್ಲೇ ತೂಕ ಕಡಿಮೆ ಇದೆ ಅನ್ನಿಸುತ್ತದೆ. ಆದರೂ ತಿರುಗುವುದಿಲ್ಲ. ಗಮನವಿಲ್ಲ ಎಂದೇ ಅವಳು ಅಂದುಕೊಳ್ಳಲಿ.