ಹೆಸರು ಮಾತ್ರ ಹಾಕ್ಬೇಡಿ, ಸಾರ್

ಎಂಬತ್ತರ ದಶಕದ ಆರಂಭದಲ್ಲಿ, ಪತ್ರಿಕೋದ್ಯಮ ಓದಿ ಡಿಗ್ರಿ ಹಿಡಿದು ಬಂದವನಿಗೆ ಬೆಂಗಳೂರಿನ ಪತ್ರಿಕೆಗಳು ಧಾರಾಳವಾಗಿ ಕೊಡುತ್ತಿದ್ದದ್ದು ಒಂದೇ: ಸಂಬಳವಿಲ್ಲದ ತರಬೇತಿ. ಮೊದಲ ಪತ್ರಿಕೆಯಲ್ಲಿ ಹರಿಕಥೆ, ಉಪನ್ಯಾಸ, ನಾಟಕಗಳ ಸಮಯ ಬರೆದೆ. ಎರಡನೆಯದರಲ್ಲಿ ಸಂಘಸಂಸ್ಥೆಗಳ ಪ್ರಕಟಣೆಗಳನ್ನು ಕತ್ತರಿಸಿ ಅಂಟಿಸಿದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ವಿಶ್ವವಿದ್ಯಾಲಯದಲ್ಲಿ ಕಲಿತ ಸಿದ್ಧಾಂತಗಳು ಮರೆತುಹೋಗಿದ್ದವು. ಕಲಿಸಿದವರ ಮೇಲಿನ ಸಿಟ್ಟು ಮಾತ್ರ ಹಾಗೇ ಇತ್ತು.

ಅಲ್ಲಿನ ಮುಖ್ಯ ವರದಿಗಾರರು ಸುತ್ತು ಬಳಸಲಿಲ್ಲ.

"ನೋಡಯ್ಯಾ, ಪ್ರೆಸ್‌ನೋಟ್ ಯಾರು ಬೇಕಾದ್ರೂ ಬರೀತಾರೆ. ತಿಂಗಳು ಮುಗಿಯೋದ್ರೊಳಗೆ ನೀನೇ ಹುಡುಕಿದ್ದು ಒಂದು ಸುದ್ದಿ ತಾ. ಅಚ್ಚಾದ್ರೆ ಕೆಲಸ. ಇಲ್ಲಾಂದ್ರೆ ನಿಮ್ಮಪ್ಪನ ಫ್ಯಾಕ್ಟರೀಲೇ ಏನಾದ್ರೂ ನೋಡ್ಕೊ."

ನಮ್ಮಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ನನ್ನನ್ನು ಅಲ್ಲಿಗೇ ಸೇರಿಸಬೇಕೆಂದು ತುದಿಗಾಲಲ್ಲಿ ನಿಂತಿದ್ದರು. ಅದು ಇವರಿಗೆ ಹೇಗೆ ಗೊತ್ತಾಯಿತೋ. ನಾನೇ ಬಾಯಿಬಿಟ್ಟಿರಬೇಕು.

ಸುದ್ದಿ ಸಿಕ್ಕಿದ್ದು ಪೀಣ್ಯದಲ್ಲಿ. ಅಲ್ಲಿನ ಸಣ್ಣ ಕಾರ್ಖಾನೆಗಳ ಶೆಡ್ಡುಗಳ ಬೆನ್ನಿಗೇ ಒಂದು ಹಳ್ಳಿ ಇತ್ತು. ರಾಗಿ ಹೊಲ ಕಳೆದುಕೊಂಡವರೆಲ್ಲ ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿನ ಬಾವಿಯ ನೀರಿಗೆ ಬಣ್ಣ ಬಂದಿದೆಯೆಂದು ಬಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುತ್ತಿದ್ದರು. ಹೋಗಿ ನೋಡಿದರೆ ನಿಜ. ಹಸಿರು ನೀರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹಳದಿಯೂ ಇದ್ದಿರಬಹುದು, ಈಗ ಆಣೆ ಮಾಡಲಾರೆ. ಶೆಡ್ಡುಗಳಲ್ಲಿ ಲೋಹದ ಸಾಮಾನಿಗೆ ಹೊಳಪಿನ ಲೇಪ ಕೊಡುತ್ತಿದ್ದರು. ತೊಳೆದ ನೀರು ನೇರವಾಗಿ ಹಳ್ಳಕ್ಕೆ ಬೀಳುತ್ತಿತ್ತು. ಹಳ್ಳದ ಪಕ್ಕದಲ್ಲೇ ಬಾವಿ.

ಶಿಫ್ಟು ಮುಗಿಸಿ ಬಂದಿದ್ದ ಒಬ್ಬ ಕಾರ್ಮಿಕ ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ಬಿಂದಿಗೆ ತೋರಿಸಿದ.

"ಈ ನೀರಲ್ಲಿ ಅನ್ನ ಮಾಡಿದ್ರೆ ಸಾಕು ಸಾರ್, ಚಿತ್ರಾನ್ನ ಆಗ್ಬಿಡತ್ತೆ! ಬರೀರಿ, ಚೆನ್ನಾಗಿ ಬರೀರಿ."

"ನಿಮ್ಮ ಹೆಸರು?"

"ಅಯ್ಯೋ ಗುರುವೇ, ನಾನು ಕೆಲಸ ಮಾಡೋದೇ ಆ ಶೆಡ್ಡಲ್ಲಿ. ಹೆಸರು ಮಾತ್ರ ಹಾಕ್ಬೇಡಿ."

ಅವನ ಹೆಂಡತಿ ಶೆಡ್ಡಿನವರನ್ನು ಅವನಿಗಿಂತ ಜೋರಾಗಿ ಬೈದಳು, ಅವಳೂ ಹೆಸರು ಕೊಡಲಿಲ್ಲ. ಪಕ್ಕದ ಮನೆಯವರು, ಎದುರು ಮನೆಯವರು, ಎಲ್ಲರದೂ ಅದೇ ರಾಗ. ಕೊನೆಗೆ ಸಾಲುಮನೆಗಳ ಒಡತಿ, ಎಲೆಅಡಿಕೆ ಅಗಿಯುತ್ತ ಕೂತಿದ್ದ ಅಜ್ಜಿ, ನನ್ನನ್ನೇ ಕರೆಸಿ ಕೇಳಿತು:

"ಬಾವಿ ಕೆಟ್ಟೋಗದೆ ಅಂತ ಪೇಪರ್‌ನಾಗೆ ಆಕ್ತೀಯಾ? ಆಮೇಕೆ ಬಾಡಿಗೆಗೆ ಯಾವನ್ ಬತ್ತಾನೆ, ನೀನ್ ಬತ್ತೀಯಾ?"

ಆದರೂ ಬರೆದೆ. ಮುಖ್ಯ ವರದಿಗಾರರು ಎರಡನೆಯ ಸಾಲಿನಲ್ಲೇ ಪೆನ್ನು ನಿಲ್ಲಿಸಿದರು.

"'ಗ್ರಾಮಸ್ಥರು ಹೇಳುತ್ತಾರೆ.' ಯಾವ ಗ್ರಾಮಸ್ಥರಯ್ಯಾ? ನಾಳೆ ಶೆಡ್ಡಿನೋನು ಬಂದು ಜಗಳ ತೆಗೆದ್ರೆ ಬಾವೀನ ಸಾಕ್ಷಿಗೆ ಕರ್ಕೊಂಡ್ಬರ್ತೀಯಾ?"

"ನಾನೇ ನೋಡಿದೀನಿ ಸಾರ್."

"ನೀನ್ಯಾರು? ಟ್ರೈನಿ. ಒಂದು ಹೆಸರು ತಾ."

ಮತ್ತೆ ಪೀಣ್ಯದ ಬಸ್ಸು. ಮತ್ತೆ ಅದೇ ಬೈಗುಳ, ಅದೇ ಕೈಮುಗಿಯುವಿಕೆ. ತಿಂಗಳು ಮುಗಿಯುತ್ತ ಬಂತು. ಅಪ್ಪ ಅರ್ಜಿ ತಂದು ಮೇಜಿನ ಮೇಲೆ ಇಟ್ಟೇಬಿಟ್ಟರು. ನಾನು ಹಳ್ಳಿಯ ಜನರನ್ನೂ ಮುಖ್ಯ ವರದಿಗಾರರನ್ನೂ ಸಮನಾಗಿ ಶಪಿಸುತ್ತ ಕೊನೆಯ ಸಲ ಹೋದಾಗ ಅಜ್ಜಿಗೆ ಏನನ್ನಿಸಿತೋ, ಜಗುಲಿಯ ಮೇಲೆ ಕೂರಿಸಿಕೊಂಡಿತು.

"ನಿಂಗೆ ಏನೋ ಒಂದು ಬರೀಬೇಕು, ಅಷ್ಟೇ ತಾನೆ? ಊರಿಗೆ ನಲ್ಲಿ ಬೇಕು ಅಂತ ಬರಿ. ನನ್ನೆಸ್ರು ಆಕು, ನಮ್ಮನೆಯವ್ರ ಎಸ್ರೂ ಆಕು."

"ಬಾವಿ ಇರುವಾಗ ನಲ್ಲಿ ಯಾಕೆ ಅಂತ ಕೇಳ್ತಾರಲ್ಲ ಅಜ್ಜಿ?"

"ಜನ ಜಾಸ್ತಿ ಆದ್ರು, ನೀರು ಸಾಲ್ದು ಅನ್ನು. ಮೊದ್ಲು ನಲ್ಲಿ ಬರ್ಲಿ. ನಲ್ಲಿ ಇದ್ರೆ ಬಾಡಿಗೆಯೋರು ಎಲ್ಲಿಗೋಯ್ತಾರೆ? ಆಗ ಬಾವಿ ಕತೆ ನಾನೇ ಏಳ್ತೀನಿ, ಬೇಕಾದಂಗೆ ಬರ್ಕೊ."

ಬೇರೆ ದಾರಿ ಇರಲಿಲ್ಲ. ಅಂಗೈಯಗಲದ ಸುದ್ದಿ ಬರೆದುಕೊಟ್ಟೆ. ಜನಸಂಖ್ಯೆ ಹೆಚ್ಚಿದೆ, ಬಾವಿ ಸಾಲದು, ನಲ್ಲಿ ಬೇಕು, ಇಂಥವರ ಒತ್ತಾಯ. ಮುಖ್ಯ ವರದಿಗಾರರು ಒಂದಕ್ಷರ ಹೊಡೆಯದೆ ಅಚ್ಚಿಗೆ ಕಳಿಸಿ, "ಈಗ ನೋಡು, ಇದು ಸುದ್ದಿ" ಎಂದರು. ಒಂದನೇ ತಾರೀಖಿನಿಂದ ಸಂಬಳದ ಮೇಲೆ ಬಾ ಎಂದರು. ಅಪ್ಪ ಮೇಜಿನ ಮೇಲಿದ್ದ ಅರ್ಜಿಯನ್ನು ಮಡಚಿ ಎತ್ತಿಕೊಂಡು ಹೋದರು.

ಆಶ್ಚರ್ಯವೆಂದರೆ ಬೀದಿ ನಲ್ಲಿ ಬಂದೇಬಿಟ್ಟಿತು. ಎಷ್ಟು ತಿಂಗಳಿಗೋ, ಆ ಸುದ್ದಿಯಿಂದಲೋ ಬರಲಿದ್ದ ಚುನಾವಣೆಯಿಂದಲೋ, ಗೊತ್ತಿಲ್ಲ. ಅಜ್ಜಿ ಮಾತಿಗೆ ತಪ್ಪಲಿಲ್ಲ. ನಾನು ಹೋದ ದಿನ ಬಾವಿಕಟ್ಟೆಯ ಮೇಲೆ ನಿಂತು, ಯಾವ ಶೆಡ್ಡು, ಯಾವ ಮೋರಿ, ಯಾರ ಮಗುವಿಗೆ ಮೈಯೆಲ್ಲ ಕಜ್ಜಿ, ಎಲ್ಲವನ್ನೂ ಹೇಳಿತು. ಅದು ಬಾಯಿಬಿಟ್ಟಿದ್ದನ್ನು ನೋಡಿ ಊರೇ ಮುಗಿಬಿತ್ತು. "ನನ್ನೆಸ್ರು ಬರ್ಕೊಂಡ್ಯಾ? ಇನಿಶಿಯಲ್ಲೂ ಆಕಪ್ಪ" ಎಂದರು. ಅಷ್ಟರಲ್ಲಿ ಬೇರೆ ಶೆಡ್ಡಿಗೆ ಸೇರಿದ್ದ, ಬಿಂದಿಗೆ ತೋರಿಸಿದ್ದ ಆ ಕಾರ್ಮಿಕನೂ ಹೆಸರು ಕೊಟ್ಟ.

ಅಷ್ಟೂ ಹೆಸರುಗಳಿದ್ದ ವರದಿಯನ್ನು ಮುಖ್ಯ ವರದಿಗಾರರು ಈ ಸಲ ಪೂರ್ತಿ ಓದಿದರು. ಓದಿ ವಾಪಸ್ಸು ತಳ್ಳಿದರು.

"ಊರಿಗೆ ನಲ್ಲಿ ಬಂತಲ್ಲಯ್ಯಾ. ಇನ್ನು ಆ ಬಾವಿ ಸುದ್ದಿ ಯಾರಿಗೆ ಬೇಕು?"

ನಾನು ಮೇಜು ಗುದ್ದಿದೆ. ಅದೇ ಹಳ್ಳದ ನೀರು ಮುಂದೆ ಇನ್ನೊಂದು ಊರಿನ ಕೆರೆಗೆ ಹೋಗುತ್ತದೆ, ಅಲ್ಲಿ ನಲ್ಲಿ ಇಲ್ಲ ಎಂದು ಇಡೀ ಕಚೇರಿಗೆ ಕೇಳುವಂತೆ ಕೂಗಾಡಿದೆ. ಇದು ನನ್ನ ನೆನಪು. ಆಗ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯನನ್ನು ಮೊನ್ನೆ ಕೇಳಿದರೆ ಬಿದ್ದು ಬಿದ್ದು ನಕ್ಕ.

"ನೀನಾ? ಮೇಜು ಗುದ್ದಿದ್ಯಾ? ಸುಮ್ನೆ ಬಂದು ಕೂತ್ಕೊಂಡೆ ಕಣೋ. ಆಮೇಲೆ ಪ್ರೆಸ್‌ನೋಟ್ ಅಂಟಿಸೋಕೆ ನನ್ನ ಹತ್ರ ಗೋಂದು ಇಸ್ಕೊಂಡೆ."